ಕ್ರಿಸ್‌ಮಸ್ ವಾರದಲ್ಲೇ ಡಿಸ್ನಿಗೆ ಹೋಗಿ

ಡಿಸೆಂಬರ್ ಹತ್ತಿರ ಬಂತೆಂದರೆ ಅಮೆರಿಕದ ನಮ್ಮ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಕ್ರಿಸ್‌ಮಸ್ ರಜೆಗೆ ಫ್ಲೋರಿಡಾಗೆ, ಒರ್ಲಾಂಡೋದ ಡಿಸ್ನಿ ಪಾರ್ಕ್‌ಗಳಿಗೆ ಹೋಗಬಹುದಾ?" ತಕ್ಷಣ ಉತ್ತರಗಳು ಶುರು. "ಬೇಡವೇ ಬೇಡ, ಕಾಲಿಡೋಕೆ ಜಾಗ ಇರಲ್ಲ." "ದುಡ್ಡು ದಂಡ." "ಫೆಬ್ರುವರಿಯಲ್ಲಿ ಹೋಗಿ, ಆರಾಮಾಗಿರುತ್ತೆ." ಫೆಬ್ರುವರಿಯಲ್ಲಿ ಮಕ್ಕಳಿಗೆ ಶಾಲೆ ಇರುತ್ತದೆ, ನಮಗೆ ಆಫೀಸ್ ಇರುತ್ತದೆ. ಮನೆಯವರಿಗೆಲ್ಲ ಒಟ್ಟಿಗೆ ರಜೆ ಸಿಗುವುದೇ ಈ ಒಂದು ವಾರ. ಅದನ್ನೂ ಹೆದರಿಸಿ ಕಿತ್ತುಕೊಂಡರೆ ಹೇಗೆ? ನನ್ನನ್ನು ಕೇಳಿದರೆ ಧೈರ್ಯವಾಗಿ ಹೋಗಿ ಅನ್ನುತ್ತೇನೆ. ಎಷ್ಟು ರೈಡ್ ಆಯಿತು ಅನ್ನುವ ಲೆಕ್ಕ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಜನ ಇರುತ್ತಾರೆ ಅನ್ನುವುದು ಸುಳ್ಳಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ದಿನಗಳಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಇರುವಷ್ಟು ನೂಕುನುಗ್ಗಲು ವರ್ಷದ ಬೇರೆ ಯಾವ ಕಾಲದಲ್ಲೂ ಇರುವುದಿಲ್ಲ. ಅಲ್ಲಿನ ನಾಲ್ಕು ಪಾರ್ಕ್‌ಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್ ತುಂಬಿಹೋಗಿ ಕೆಲ ಹೊತ್ತು ಗೇಟ್ ಮುಚ್ಚಿದ ವರ್ಷಗಳೂ ಇವೆ. ಟಿಕೆಟ್ ದರ ದಿನದಿನಕ್ಕೆ ಬದಲಾಗುತ್ತದೆ. ಈ ವಾರ ಅಲ್ಲಿ ಒಂದು ದಿನಕ್ಕೆ ತಲೆಗೆ 200 ಡಾಲರ್ ಆಸುಪಾಸು. ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನ್‌ಗೆ ಬೇರೆ ದುಡ್ಡು, ಅದೂ ಏರಿರುತ್ತದೆ.

ಆದರೆ ಜಾತ್ರೆಗೆ ಹೋಗಿ ಜನ ಜಾಸ್ತಿ ಅಂತ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ? ಜನ ಸೇರಿದ್ದಕ್ಕೇ ಅದು ಜಾತ್ರೆ. ಇಲ್ಲೂ ಹಾಗೇ. ನವೆಂಬರ್‌ನಿಂದ ಡಿಸೆಂಬರ್ ಮೂರನೇ ವಾರದವರೆಗೆ ಮ್ಯಾಜಿಕ್ ಕಿಂಗ್‌ಡಮ್‌ನ ಕ್ರಿಸ್‌ಮಸ್ ಪರೇಡ್ ನೋಡಬೇಕಾದರೆ ರಾತ್ರಿಯ ಪಾರ್ಟಿಗೆ ಬೇರೆ ಟಿಕೆಟ್ ಕೊಳ್ಳಬೇಕು. ಕೊನೆಯ ವಾರ ಬಂತೆಂದರೆ ಅದೇ ಪರೇಡನ್ನು ಮಾಮೂಲಿ ಟಿಕೆಟ್ ಇದ್ದವರೆಲ್ಲ ನೋಡಬಹುದು. ಇದನ್ನು ಗುಂಪಿನಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತು. ಡಿಸ್ನಿ ಅಂದರೆ ನಾಲ್ಕು ಪಾರ್ಕ್ ಅಷ್ಟೇ ಅಂದುಕೊಂಡು ನಮ್ಮವರು ಬೆಳಿಗ್ಗೆಯಿಂದ ರಾತ್ರಿವರೆಗೆ ಗೇಟಿನೊಳಗೇ ಇರುತ್ತಾರೆ. ಆ ಜಾಗ ಒಟ್ಟು ಸುಮಾರು 100 ಚದರ ಕಿಲೋಮೀಟರ್ ಇದೆ! ಕೆರೆ, ಕಾಡು, ದೋಣಿ, ಮೋನೋರೈಲ್, ಒಂದೊಂದೂ ಒಂದೊಂದು ಥರ ಕಟ್ಟಿದ ಹೋಟೆಲ್‌ಗಳು. ಕ್ರಿಸ್‌ಮಸ್ ಸಿಂಗಾರ ಎಲ್ಲ ಕಡೆಗೂ ಹರಡಿರುತ್ತದೆ, ಅದರಲ್ಲಿ ಎಷ್ಟೋ ಭಾಗಕ್ಕೆ ಟಿಕೆಟ್ಟೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಫೋರ್ಟ್ ವೈಲ್ಡರ್ನೆಸ್. 1971ರಲ್ಲಿ, ಇಲ್ಲಿನ ಮೊದಲ ಪಾರ್ಕ್ ತೆರೆದ ವರ್ಷವೇ ಶುರುವಾದ ಕ್ಯಾಂಪ್ ಜಾಗ ಇದು. ಪೈನ್ ಮರಗಳ ನಡುವೆ ಜನ ತಮ್ಮ ಆರ್‌ವಿ, ಅಂದರೆ ಒಳಗೇ ಮನೆಯಂತಿರುವ ಗಾಡಿ ನಿಲ್ಲಿಸಿಕೊಂಡು, ಟೆಂಟ್ ಹಾಕಿಕೊಂಡು ಇರುತ್ತಾರೆ. ವರ್ಷ ವರ್ಷ ಇದೇ ಹೊತ್ತಿಗೆ ಬರುವ ಕುಟುಂಬಗಳಿವೆ. ಅವರು ತಮ್ಮ ಪಾಲಿನ ಜಾಗವನ್ನು ತಾವೇ ಸಿಂಗರಿಸುತ್ತಾರೆ, ಕಂಪನಿಯವರು ಬಂದು ಮಾಡುವುದಲ್ಲ. ಗಾಡಿಯ ಮೇಲೆ ಸಾಂಟಾ, ಮರಕ್ಕೆಲ್ಲ ದೀಪದ ಸರ, ಓಡಾಡುವ ಗಾಲ್ಫ್ ಗಾಡಿಗೂ ಬಣ್ಣದ ಬಲ್ಬು. ಮ್ಯಾಜಿಕ್ ಕಿಂಗ್‌ಡಮ್‌ನಿಂದ ದೋಣಿಯಲ್ಲಿ ಹೋಗಬಹುದು. ಈ ವಾರ ಹೋಟೆಲ್‌ಗಳಲ್ಲಿ ಹೊರಗಿನ ಕಾರುಗಳಿಗೆ ಪಾರ್ಕಿಂಗ್ ಕಷ್ಟ, ದೋಣಿಯೇ ವಾಸಿ. ಊರಿಂದ ಬಂದಿದ್ದ ನಮ್ಮತ್ತೆ ಅಲ್ಲಿ ಒಂದೊಂದು ದೀಪದ ಮುಂದೂ ನಿಂತರು. ಅಲ್ಲಿದ್ದ ಒಬ್ಬ ಅಜ್ಜಿ ಕುರ್ಚಿ ಕೊಟ್ಟು ಕೂರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ನಗುವಿನಲ್ಲೇ ಎಲ್ಲ ಮಾತೂ ಆಯಿತು. ದೊಡ್ಡ ರೈಡ್‌ನ ಎರಡು ಗಂಟೆಯ ಕ್ಯೂನಲ್ಲಿ ಅವರನ್ನು ನಿಲ್ಲಿಸಿದ್ದರೆ ಇದು ಸಿಗುತ್ತಿತ್ತಾ?

ನಮ್ಮವರಲ್ಲಿ ಒಂದು ಅಭ್ಯಾಸ ನೋಡಿದಾಗ ನಿಜವಾಗಿಯೂ ನೋವಾಗುತ್ತದೆ. ಅಪ್ಪ ಅಮ್ಮನನ್ನು ಬ್ಯಾಗುಗಳ ಜೊತೆ ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರಿ, ಬಂದೆವು" ಅಂತ ಹೋಗುತ್ತಾರೆ. ಅವರು ಮಧ್ಯಾಹ್ನವೆಲ್ಲ ಗೊತ್ತಿಲ್ಲದ ಜನರ ಮಧ್ಯೆ ಕೂತಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿರಿಯರು ಕೂತು ನೋಡುವಂಥದ್ದು ಬೇಕಾದಷ್ಟಿದೆ. ಮ್ಯಾಜಿಕ್ ಕಿಂಗ್‌ಡಮ್‌ನ ಟುಮಾರೋಲ್ಯಾಂಡ್ ಭಾಗದಲ್ಲಿ ಪೀಪಲ್‌ಮೂವರ್ ಎಂಬ ನಿಧಾನದ ಗಾಡಿ ಹತ್ತಿದರೆ ಹತ್ತು ನಿಮಿಷ ಗಾಳಿಯಲ್ಲಿ ಮೇಲಿಂದ ಆ ಭಾಗವನ್ನೆಲ್ಲ ಸುತ್ತಿಸುತ್ತದೆ. ಇನ್ನೊಂದು ಪಾರ್ಕ್ ಅನಿಮಲ್ ಕಿಂಗ್‌ಡಮ್‌ನ ಮಹಾರಾಜಾ ಜಂಗಲ್ ಟ್ರೆಕ್ ಎಂಬ ಕಾಲುದಾರಿಯಲ್ಲಿ ನಮ್ಮ ಕಡೆಯ ಹಳೇ ಅರಮನೆಯಂತೆ ಕಟ್ಟಿದ ಗೋಡೆಗಳ ನಡುವೆ ಹುಲಿ ನೋಡುತ್ತಾ ನಿಧಾನವಾಗಿ ನಡೆಯಬಹುದು. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಸಂಕೋಚ ಬೇಡ.

ಎಪ್ಕಾಟ್ ಎಂಬ ಮತ್ತೊಂದು ಪಾರ್ಕ್‌ಗೆ ಸಂಜೆ ಹೋಗಿ. ಕೆರೆಯ ಸುತ್ತ 11 ದೇಶಗಳ ಅಂಗಳ. ಭಾರತ ಇಲ್ಲ, ಅದೊಂದು ಕೊರಗು ನನಗೆ. ಹಬ್ಬದ ದಿನಗಳಲ್ಲಿ ಅಲ್ಲಿ ಆಯಾ ದೇಶದ ಕ್ರಿಸ್‌ಮಸ್ ಕಥೆ ಹೇಳುವವರು ಬರುತ್ತಾರೆ. ಇಟಲಿಯ ಅಂಗಳದಲ್ಲಿ ಲಾ ಬೆಫಾನಾ ಎಂಬ ಮುದುಕಿಯ ಕಥೆ. ಹುಟ್ಟಿದ ಏಸು ಕಂದನನ್ನು ನೋಡಲು ಹೊರಟ ಜ್ಞಾನಿಗಳು ಅವಳನ್ನೂ ಕರೆಯುತ್ತಾರೆ. ಮನೆಗೆಲಸ ಇದೆ, ಗುಡಿಸಬೇಕು ಅಂತ ಅವಳು ಹೋಗುವುದಿಲ್ಲ. ಆಮೇಲೆ ಮನಸ್ಸು ತಡೆಯದೆ ಹೊರಡುತ್ತಾಳೆ, ಕಂದ ಸಿಗುವುದಿಲ್ಲ. ಅವತ್ತಿನಿಂದ ಹುಡುಕುತ್ತಾ ಮನೆಮನೆಗೆ ಹೋಗಿ ಮಕ್ಕಳಿಗೆ ಉಡುಗೊರೆ ಇಡುತ್ತಾಳೆ. ನನ್ನ ಮಗಳು ಇದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ, "ಪಾಪ, ಕಸ ಆಮೇಲೆ ಗುಡಿಸಬಹುದಿತ್ತು" ಅಂದರು.

ಅಲ್ಲಿಯದೇ ಕ್ಯಾಂಡಲ್‌ಲೈಟ್ ಪ್ರೊಸೆಷನಲ್ ಕೂಡ ಬಿಡಬೇಡಿ. ದೊಡ್ಡ ಗಾಯನ ತಂಡ, ಆರ್ಕೆಸ್ಟ್ರಾ, ಜೊತೆಗೆ ಹೆಸರಾಂತ ಕಲಾವಿದರೊಬ್ಬರು ಏಸು ಹುಟ್ಟಿದ ಕಥೆ ಓದುತ್ತಾರೆ. ನಾವು ಕ್ರೈಸ್ತರಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. ಪಾರ್ಕ್ ಟಿಕೆಟ್ಟಿನಲ್ಲೇ ನೋಡಬಹುದು, ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು ಅಷ್ಟೇ.

ರೈಡ್ ಬೇಕೇ ಬೇಕು ಅನ್ನುವ ಮಕ್ಕಳಿದ್ದರೆ ಗೇಟ್ ತೆರೆಯುವ ಮುಂಚೆಯೇ ಅಲ್ಲಿರಿ. ಡಿಸ್ನಿ ಹೋಟೆಲಿನಲ್ಲಿ ಇಳಿದವರನ್ನು ಅರ್ಧ ಗಂಟೆ ಮೊದಲೇ ಬಿಡುತ್ತಾರೆ. ಹನ್ನೊಂದರ ಹೊತ್ತಿಗೆ ಹೊರಬನ್ನಿ. ಮಧ್ಯಾಹ್ನ ಅಲ್ಲಿ ಅಳುವ ಮಕ್ಕಳನ್ನು ದರದರ ಎಳೆದುಕೊಂಡು ಹೋಗುವವರನ್ನು ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಮಲಗಿಸಿ, ಸಂಜೆ ಮತ್ತೆ ಕರೆತನ್ನಿ. ರಾತ್ರಿ ಚಳಿ ಬೀಳುತ್ತದೆ, ಸ್ವೆಟರ್ ಇರಲಿ.

ಊಟದ ಚಿಂತೆಯೂ ಬೇಡ. ಹೊರಗಿನ ತಿಂಡಿಯನ್ನು ಪಾರ್ಕಿನೊಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ. ಪಕ್ಕದ ಊರು ಕಿಸಿಮ್ಮಿಯಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಬೆಳಿಗ್ಗೆ ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿಕೊಳ್ಳಬಹುದು. ಲೈಟ್ನಿಂಗ್ ಲೇನ್‌ಗೆ ಸುರಿಯುವ ದುಡ್ಡಿನಲ್ಲಿ ಒಂದು ಮಧ್ಯಾಹ್ನ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಡಿಸ್ನಿ ಹೋಟೆಲಿನ ಸನಾ ರೆಸ್ಟೋರೆಂಟಿಗೆ ಹೋಗಿ. ಮೊದಲೇ ಟೇಬಲ್ ಕಾದಿರಿಸಿ. ನಾನ್, ಕುಲ್ಚಾ, ಸಾಲಾಗಿ ಚಟ್ನಿಗಳು ಮುಂದಿರುತ್ತವೆ, ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ.

ಹೊಸ ವರ್ಷದ ಪಟಾಕಿ ನೋಡಬೇಕು ಅನ್ನುವವರಿಗೆ ಒಂದು ವಿಷಯ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆ ಪಟಾಕಿಯನ್ನು 30ರ ರಾತ್ರಿಯೂ ಹಾರಿಸುವುದು ವಾಡಿಕೆ. ಆ ವರ್ಷದ ವೇಳಾಪಟ್ಟಿ ನೋಡಿಕೊಂಡು 30ಕ್ಕೇ ಹೋಗಿ ನೋಡಿಬಿಡಿ. 31ಕ್ಕೆ ಮಕ್ಕಳನ್ನು ಈಜುಕೊಳಕ್ಕೆ ಬಿಡಿ, ಡಿಸ್ನಿ ಹೋಟೆಲ್‌ಗಳಲ್ಲಿ ನೀರು ಬೆಚ್ಚಗಿರುತ್ತದೆ.