ಮುಚ್ಚಳ ಇರಲಿಲ್ಲ, ಮುಚ್ಚಳಿಕೆ ಇತ್ತು

ಮೊನ್ನೆ ಆಫೀಸಿನಲ್ಲಿ ಸುರಕ್ಷತಾ ಸಪ್ತಾಹ. ಕಂಪ್ಯೂಟರ್ ಮುಂದೆ ಕೂತು ನಲವತ್ತು ನಿಮಿಷದ ವಿಡಿಯೋ ನೋಡಬೇಕು, ಕೊನೆಗೆ ಹತ್ತು ಪ್ರಶ್ನೆ. ಓಡಿಸಿಕೊಂಡು ನೋಡಲು ಬಿಡುವುದಿಲ್ಲ. ಬೇರೆ ಏನಾದರೂ ತೆರೆದರೆ ವಿಡಿಯೋ ಮುನಿಸಿಕೊಂಡು ನಿಂತುಬಿಡುತ್ತದೆ. ಏಳನೇ ಪ್ರಶ್ನೆ: ಬಿಸಿ ಕಾಫಿ ಹಿಡಿದು ಮೆಟ್ಟಿಲು ಇಳಿಯುವಾಗ ಏನು ಮಾಡಬೇಕು? 'ಕುಡಿದು ಇಳಿಯಬೇಕು' ಅನ್ನುವ ಉತ್ತರ ಹುಡುಕಿದೆ. ಇರಲಿಲ್ಲ. ಕಪ್ಪಿಗೆ ಮುಚ್ಚಳ ಹಾಕಬೇಕು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿಯಬೇಕಂತೆ. ಹತ್ತಕ್ಕೆ ಹತ್ತು ಬಂತು. ಸರ್ಟಿಫಿಕೇಟೂ ಬಂತು, ನನ್ನ ಹೆಸರಿನ ಸ್ಪೆಲಿಂಗ್ ತಪ್ಪಾಗಿ.

ನಮ್ಮ ಮಹಡಿಯ ತುರ್ತು ಬಾಗಿಲಿಗೆ ಅಡ್ಡಲಾಗಿ ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಒಂದೂವರೆ ವರ್ಷವಾಯಿತು. ಅದರ ಬಗ್ಗೆ ಪ್ರಶ್ನೆ ಇರಲಿಲ್ಲ.

ಮುಚ್ಚಳ ಅಂದ ಕೂಡಲೇ ನನಗೆ ಬಿಪಿ ನೆನಪಾಗುತ್ತದೆ. ರಕ್ತದೊತ್ತಡ ಅಲ್ಲ, ತೈಲ ಕಂಪನಿ. ಅದನ್ನು ನೆನೆಸಿಕೊಂಡರೆ ಇದೂ ಏರುತ್ತದೆ, ಆ ಮಾತು ಬೇರೆ. ಆ ಕಂಪನಿಯಲ್ಲಿ ಮುಚ್ಚಳವಿಲ್ಲದ ಕಾಫಿ ಕಪ್ ಹಿಡಿದು ಓಡಾಡುವಂತಿರಲಿಲ್ಲ. ತಮಾಷೆ ಮಾಡುತ್ತಿಲ್ಲ, ನಿಯಮವೇ ಇತ್ತು. 2005ರಲ್ಲಿ ಅವರ ಟೆಕ್ಸಾಸ್ ಸಿಟಿ ರಿಫೈನರಿ ಸ್ಫೋಟಿಸಿ 15 ಜನ ಸತ್ತಿದ್ದರು. 2007ರಲ್ಲಿ ಸಿಇಒ ಕುರ್ಚಿಗೆ ಬಂದ ಟೋನಿ ಹೇವರ್ಡ್, ಇನ್ನು ಸುರಕ್ಷತೆಯ ಮೇಲೆ ಲೇಸರ್ ಬಿಟ್ಟ ಹಾಗೆ ಗಮನ ಇಡುತ್ತೇವೆ ಎಂದರು. ಲೇಸರ್ ಬೆಳಕು ಬೀಳುವುದು ಎಷ್ಟಗಲ ಅಂತ ಯಾರೂ ಕೇಳಲಿಲ್ಲ. ಹೆಚ್ಚೆಂದರೆ ಒಂದು ಕಾಫಿ ಕಪ್ಪಿನಷ್ಟಗಲ.

ಅದೇ ಕಂಪನಿ ಮೆಕ್ಸಿಕೊ ಕೊಲ್ಲಿಯಲ್ಲಿ ಸುಮಾರು 5,000 ಅಡಿ ನೀರಿನ ಕೆಳಗೆ, ಅಲ್ಲಿಂದ ಮತ್ತೆ 13,000 ಅಡಿ ನೆಲದೊಳಗೆ ತೂತು ಕೊರೆಯಿತು. ಕೊರೆದದ್ದು ಸಮುದ್ರದ ಮೇಲೆ ತೇಲುವ ರಿಗ್, ಹೆಸರು ಡೀಪ್‌ವಾಟರ್ ಹೊರೈಜನ್. ಅದು ಟ್ರಾನ್ಸ್‌ಓಷನ್ ಎಂಬ ಕಂಪನಿಯದು, ಬಾಡಿಗೆಗೆ ತಂದದ್ದು. ಕೊರೆದ ಬಾವಿ ಸೋರುತ್ತಿದೆಯೋ ಇಲ್ಲವೋ ನೋಡಲು ನೆಗೆಟಿವ್ ಪ್ರೆಶರ್ ಟೆಸ್ಟ್ ಅಂತ ಒಂದಿದೆ. ಅದನ್ನು ಹೇಗೆ ಮಾಡಬೇಕು, ಬಂದ ಅಂಕಿಯನ್ನು ಹೇಗೆ ಓದಬೇಕು ಅನ್ನುವುದಕ್ಕೆ ಬರೆದಿಟ್ಟ ಕ್ರಮವೇ ಇರಲಿಲ್ಲ. ಕಾಫಿಗೆ ನಿಯಮ, ಬಾವಿಗೆ ಅಂದಾಜು.

2010ರ ಏಪ್ರಿಲ್ 20ರ ಸಂಜೆ ಆ ಟೆಸ್ಟ್ ಮಾಡಿದರು. ಒಂದು ಪೈಪಿನಲ್ಲಿ ಒತ್ತಡ ಸೊನ್ನೆ. ಇನ್ನೊಂದರಲ್ಲಿ 1,400 ಪಿಎಸ್‌ಐ. ಎರಡೂ ಸೊನ್ನೆ ಇರಬೇಕಿತ್ತು. ಒಂದು ಥರ್ಮಾಮೀಟರ್ ಜ್ವರ ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಇವರು ಇಲ್ಲ ಅಂದದ್ದನ್ನು ನಂಬಿದರು. ಜ್ವರ ತೋರಿಸಿದ್ದಕ್ಕೆ 'ಬ್ಲ್ಯಾಡರ್ ಎಫೆಕ್ಟ್' ಅಂತ ಹೆಸರಿಟ್ಟರು. ಹೆಸರಿಟ್ಟ ಮೇಲೆ ಹೆದರಿಕೆ ಯಾಕೆ, ಅಲ್ವಾ?

ಅದಕ್ಕೂ ಮೊದಲಿನ ಉಳಿತಾಯದ ಕಥೆ ಬೇರೆ ಇದೆ. ಪೈಪು ಬಾವಿಯ ನಡುಮಧ್ಯೆ ನೆಟ್ಟಗೆ ನಿಲ್ಲಲು 21 ಸೆಂಟ್ರಲೈಸರ್ ಬೇಕು ಅಂತ ಸಿಮೆಂಟ್ ಹಾಕುವ ಹ್ಯಾಲಿಬರ್ಟನ್‌ನವರು ಲೆಕ್ಕ ಕೊಟ್ಟಿದ್ದರು. ಹಾಕಿದ್ದು 6. ಬಿಪಿಯ ಒಬ್ಬ ಇಂಜಿನಿಯರ್ ಸಹೋದ್ಯೋಗಿಗೆ ಮೇಲ್ ಕಳಿಸಿದ: ಯಾರಿಗೆ ಬೇಕು, ಆಗಿಹೋಯಿತು, ಕಥೆ ಮುಗೀತು, ಬಹುಶಃ ಏನೂ ಆಗಲ್ಲ. ಸಿಮೆಂಟ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಬಂದಿದ್ದ ತಂಡವನ್ನು 20ರ ಬೆಳಿಗ್ಗೆಯೇ ಹೆಲಿಕಾಪ್ಟರ್ ಹತ್ತಿಸಿ ವಾಪಸ್ ಕಳಿಸಿದರು. ಅದೇ ದಿನ ಇನ್ನೊಂದು ಗುಂಪು ರಿಗ್‌ಗೆ ಬಂದಿಳಿಯಿತು. ಬಿಪಿ ಮತ್ತು ಟ್ರಾನ್ಸ್‌ಓಷನ್‌ನ ದೊಡ್ಡವರು. ಏಳು ವರ್ಷದಿಂದ ಒಬ್ಬನೂ ಗಾಯವಾಗಿ ಒಂದು ದಿನದ ಕೆಲಸ ತಪ್ಪಿಸಿಕೊಂಡಿಲ್ಲ, ಭೇಷ್, ಅಂತ ಬೆನ್ನು ತಟ್ಟಲು ಬಂದವರು. ಪರೀಕ್ಷೆ ಮಾಡುವವರು ಹೋದರು, ಅಭಿನಂದಿಸುವವರು ಬಂದರು.

ರಾತ್ರಿ ಹತ್ತು ಗಂಟೆಯೊಳಗೆ ರಿಗ್ ಸ್ಫೋಟಿಸಿತು.

ಇಡೀ ರಿಗ್‌ಗೆ ಕೇಳಿಸುವ ಅಲಾರಂ ತಾನಾಗಿ ಹೊಡೆದುಕೊಳ್ಳದ ಹಾಗೆ ತಡೆದಿಟ್ಟಿದ್ದರಂತೆ. ರಿಗ್‌ನ ಎಲೆಕ್ಟ್ರಾನಿಕ್ಸ್ ಮುಖ್ಯಸ್ಥನೇ ಆಮೇಲೆ ತನಿಖೆಯಲ್ಲಿ ಹೇಳಿದ್ದು. ಕಾರಣ ಏನಂದರೆ, ಸುಳ್ಳು ಅಲಾರಂ ಆಗಿ ನಡುರಾತ್ರಿ ಜನರ ನಿದ್ದೆ ಕೆಡಬಾರದು. ಎಂಥ ಕಾಳಜಿ!

ಸತ್ತವರು 11 ಜನ. ಒಬ್ಬರ ದೇಹವೂ ಸಿಗಲಿಲ್ಲ. ಇಲ್ಲಿ ತಮಾಷೆ ಮಾಡೋಣ ಅಂತ ಕೂತೆ, ಆಗಲಿಲ್ಲ. ನಿದ್ದೆ ಕೆಡದಿರಲಿ ಅಂತ ಅಲಾರಂ ನಿಲ್ಲಿಸಿದವರ ಬಗ್ಗೆ ಏನು ಬರೆಯುವುದು? ಮುಂದಕ್ಕೆ ಹೋಗೋಣ.

ನಿಜವಾದ ಮುಚ್ಚಳ ಒಂದಿತ್ತು. ಬ್ಲೋಔಟ್ ಪ್ರಿವೆಂಟರ್ ಅಂತ, ಸಮುದ್ರದ ತಳದಲ್ಲಿ ಬಾವಿಯ ಬಾಯಿಗೆ ಕೂರಿಸಿದ ಐದು ಮಹಡಿ ಎತ್ತರದ ಯಂತ್ರ. ಏನೇ ಆದರೂ ಕೊನೆಗೆ ಪೈಪನ್ನೇ ಕತ್ತರಿಸಿ ಬಾಯಿ ಮುಚ್ಚಬೇಕು, ಅದೊಂದೇ ಅದರ ಕೆಲಸ. ಅದರ ಒಂದು ಕಂಟ್ರೋಲ್ ಪಾಡ್‌ನಲ್ಲಿ ಬ್ಯಾಟರಿ ಇಳಿದಿತ್ತು. ಇನ್ನೊಂದರಲ್ಲಿ ವೈರು ತಪ್ಪಾಗಿ ಜೋಡಿಸಿದ್ದರು. ಒಳಗೆ ಪೈಪು ಸೊಟ್ಟಗಾಗಿ ಪಕ್ಕಕ್ಕೆ ಸರಿದಿತ್ತು, ಕತ್ತರಿಗೆ ಪೂರ್ತಿ ಸಿಗಲಿಲ್ಲ. ಮುಂದೆ 87 ದಿನ ಜಗತ್ತಿನ ಘಟಾನುಘಟಿ ಇಂಜಿನಿಯರ್‌ಗಳು ಮುಚ್ಚಳ ಹುಡುಕಿದರು. ಮೊದಲು ದೊಡ್ಡ ಕಬ್ಬಿಣದ ಗುಮ್ಮಟ ಇಳಿಸಿದರು. ಅದರೊಳಗೆ ಮಂಜುಗಡ್ಡೆಯಂಥದ್ದು ಕಟ್ಟಿಕೊಂಡು ಕೆಲಸ ಕೆಟ್ಟಿತು. ಆಮೇಲೆ ಗಾಲ್ಫ್ ಚೆಂಡು, ಹಳೇ ಟೈರಿನ ಚೂರು, ಹಗ್ಗ, ಇವನ್ನೆಲ್ಲ ಒತ್ತಡದಲ್ಲಿ ತೂರಿದರು. ಅದಕ್ಕೆ 'ಜಂಕ್ ಶಾಟ್' ಅಂತ ಅವರೇ ಇಟ್ಟ ಹೆಸರು. ನಲ್ಲಿ ಸೋರಿದರೆ ನಾವು ಹಳೇ ಬಟ್ಟೆ ಸುತ್ತುತ್ತೇವಲ್ಲ, ನಾವೂ ಆ ಮಟ್ಟದ ಇಂಜಿನಿಯರ್‌ಗಳೇ ಅಂತ ಆ ದಿನ ಎದೆಯುಬ್ಬಿತು.

ಅಷ್ಟರಲ್ಲಿ ಎಷ್ಟು ಎಣ್ಣೆ ಸೋರಿತು? ಮೊದಲು ದಿನಕ್ಕೆ 1,000 ಬ್ಯಾರೆಲ್ ಎಂದರು. ಆಮೇಲೆ 5,000. ಕೊನೆಗೆ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಶುರುವಿನಲ್ಲಿ ದಿನಕ್ಕೆ 62,000 ಇತ್ತು ಅಂತ ಬಂತು. ಒಟ್ಟು 49 ಲಕ್ಷ ಬ್ಯಾರೆಲ್ ಅಂತ ಸರ್ಕಾರ. ಕೋರ್ಟು ದಂಡಕ್ಕೆ ಹಿಡಿದದ್ದು 31.9 ಲಕ್ಷ. ದಂಡ ಬ್ಯಾರೆಲ್ ಲೆಕ್ಕದಲ್ಲಿ ಬೀಳುವಾಗ ಚೌಕಾಸಿ ಮಾಡದವರು ಯಾರು?

ಇಷ್ಟೆಲ್ಲ ಆಗುತ್ತೆ ಅಂತ ಮೊದಲೇ ಒಂದು ಯೋಜನೆ ಬರೆದಿಟ್ಟಿರಲಿಲ್ಲವಾ ಅಂತ ನೀವು ಕೇಳಬಹುದು. ಇಟ್ಟಿದ್ದರು! ನನಗೆ ಇಡೀ ಪ್ರಕರಣದಲ್ಲಿ ಅತಿ ಪ್ರಿಯವಾದ ಭಾಗ ಇದು. ಕೊಲ್ಲಿಯಲ್ಲಿ ಎಣ್ಣೆ ಚೆಲ್ಲಿದರೆ ಕಾಪಾಡಬೇಕಾದ ಜೀವಿಗಳ ಪಟ್ಟಿಯಲ್ಲಿ ವಾಲ್ರಸ್ ಇತ್ತು. ವಾಲ್ರಸ್ ಗೊತ್ತಲ್ಲ, ಧ್ರುವದ ಮಂಜಿನ ಮೇಲೆ ದಂತ ಬಿಟ್ಟುಕೊಂಡು ಮಲಗಿರುತ್ತದಲ್ಲ, ಅದು. ಬೆಚ್ಚಗಿನ ಮೆಕ್ಸಿಕೊ ಕೊಲ್ಲಿಯಲ್ಲಿ. ತುರ್ತಿದ್ದರೆ ಸಂಪರ್ಕಿಸಿ ಅಂತ ಹೆಸರು ಕೊಟ್ಟಿದ್ದ ವನ್ಯಜೀವಿ ತಜ್ಞರಲ್ಲಿ ಒಬ್ಬರು 2005ರಲ್ಲೇ ತೀರಿಕೊಂಡಿದ್ದರು.

ಸರಿ, ಒಂದು ಕಂಪನಿಯ ಎಡವಟ್ಟು ಅಂದುಕೊಂಡರೆ, ಜೂನ್‌ನಲ್ಲಿ ಅಮೆರಿಕದ ಸಂಸತ್ ಸಮಿತಿ ಎಕ್ಸಾನ್‌ಮೊಬಿಲ್, ಶೆವ್ರಾನ್, ಕೊನೊಕೊಫಿಲಿಪ್ಸ್, ಶೆಲ್ ಕಂಪನಿಗಳ ಯೋಜನೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಎಲ್ಲ ಹೆಚ್ಚುಕಡಿಮೆ ಒಂದೇ. ಇನ್ನೂ ಮೂರು ಕಂಪನಿಗಳ ಯೋಜನೆಯಲ್ಲಿ ವಾಲ್ರಸ್! ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನೊಬ್ಬ ಕಾಪಿ ಹೊಡೆಯುವಾಗ ನನ್ನ ರಿಜಿಸ್ಟರ್ ನಂಬರನ್ನೂ ಸೇರಿಸಿ ಇಳಿಸಿಬಿಟ್ಟಿದ್ದ. ಮೇಷ್ಟ್ರು ಎರಡೂ ಪೇಪರ್ ಎತ್ತಿ ಹಿಡಿದು, "ಇವನಿಗೆ ಹೊಡೆಯಲೋ, ಅಯ್ಯೋ ಅನ್ನಲೋ" ಎಂದಿದ್ದರು. ಆದರೆ ಆ ಮೇಷ್ಟ್ರು ಪೇಪರ್ ಓದಿದ್ದರು. ಅಲ್ಲಿ ಇಂಥ ಯೋಜನೆಗಳನ್ನು ಸರ್ಕಾರದ ಕಚೇರಿ ಪಾಸು ಮಾಡಿಬಿಟ್ಟಿತ್ತು.

ಆ ಕಚೇರಿಯ ಹೆಸರು ಮಿನರಲ್ಸ್ ಮ್ಯಾನೇಜ್‌ಮೆಂಟ್ ಸರ್ವಿಸ್. ತೈಲ ಕಂಪನಿಗಳಿಂದ ರಾಯಲ್ಟಿ ವಸೂಲು ಮಾಡುವುದೂ ಅದೇ, ಅವುಗಳ ಸುರಕ್ಷತೆ ನೋಡುವುದೂ ಅದೇ. ಅದರ ಲೂಸಿಯಾನದ ಒಂದು ಶಾಖೆಯ ಬಗ್ಗೆ ಬಂದ ತನಿಖಾ ವರದಿಯಲ್ಲಿ ಒಂದು ದೂರಿತ್ತು. ತಪಾಸಣೆಯ ಫಾರಂ ಅನ್ನು ಕಂಪನಿಯವರೇ ಪೆನ್ಸಿಲ್‌ನಲ್ಲಿ ತುಂಬುತ್ತಿದ್ದರಂತೆ, ಇನ್ಸ್‌ಪೆಕ್ಟರ್ ಅದರ ಮೇಲೆ ಪೆನ್ನಿನಲ್ಲಿ ತಿದ್ದುತ್ತಿದ್ದರಂತೆ. ಅ ಆ ಇ ಈ ತೀಡುವ ಮಕ್ಕಳ ಹಾಗೆ! ದುರಂತದ ಮೇಲೆ ಸರ್ಕಾರ ಸುಮ್ನೆ ಬಿಡಲಿಲ್ಲ. ಎರಡು ತಿಂಗಳಲ್ಲಿ ಆ ಕಚೇರಿಗೆ ಬೇರೆ ಹೆಸರಿಟ್ಟಿತು. 2011ರಲ್ಲಿ ಅದನ್ನೂ ಒಡೆದು ಮತ್ತೆರಡು ಹೆಸರು. 2025ರಲ್ಲಿ ಕೊಲ್ಲಿಯ ಹೆಸರನ್ನೇ ಬದಲಿಸಿ 'ಗಲ್ಫ್ ಆಫ್ ಅಮೆರಿಕ' ಮಾಡಿಯಾಯಿತು. ಈಗ ಹುಡುಕಲು ಹೊರಟರೆ ಆ ಕಚೇರಿಯೂ ಇಲ್ಲ, ಆ ಕೊಲ್ಲಿಯೂ ಇಲ್ಲ.

ಹೇವರ್ಡ್ ಸಾಹೇಬರ ಮಾತುಗಳನ್ನು ನೀವೆಲ್ಲ ಕೇಳಿದ್ದೀರಿ. ಸಮುದ್ರ ಬಹಳ ದೊಡ್ಡದು, ಚೆಲ್ಲಿದ ಎಣ್ಣೆ ಅದರ ಮುಂದೆ ಎಷ್ಟರದು ಎಂದವರು ಅವರೇ. ನನ್ನ ಬದುಕು ನನಗೆ ವಾಪಸ್ ಬೇಕು ಎಂದವರೂ ಅವರೇ. ವಾಪಸ್ ಸಿಕ್ಕಿತು. ಜೂನ್ 17ಕ್ಕೆ ಸಂಸತ್ ಸಮಿತಿ ಎದುರು ಬಾವಿಯ ನಿರ್ಧಾರಗಳಲ್ಲಿ ನಾನಿರಲಿಲ್ಲ ಅಂತ ಹೇಳಿದರು, 19ಕ್ಕೆ ಇಂಗ್ಲೆಂಡಿನಲ್ಲಿ ವಿಹಾರ ನೌಕೆಯ ಪಂದ್ಯಕ್ಕೆ ಹೋಗಿದ್ದರು. ಅದೇ ಸಮಿತಿಯಲ್ಲಿ ಟೆಕ್ಸಾಸ್‌ನ ಸಂಸದ ಜೋ ಬಾರ್ಟನ್ ಬಿಪಿಯ ಕ್ಷಮೆ ಕೇಳಿದರು. ಬಿಪಿ ಕ್ಷಮೆ ಕೇಳಿದ್ದಲ್ಲ, ಬಿಪಿಯ ಕ್ಷಮೆ ಕೇಳಿದ್ದು. ಪರಿಹಾರಕ್ಕೆ 20 ಬಿಲಿಯನ್ ಡಾಲರ್ ತೆಗೆದಿಡಲು ಸರ್ಕಾರ ಪಾಪದ ಕಂಪನಿಯನ್ನು ಹಿಂಡಿತಂತೆ. ಸಂಜೆಯೊಳಗೆ ಆ ಕ್ಷಮೆಯನ್ನು ವಾಪಸ್ ತೆಗೆದುಕೊಂಡರು, ಪಕ್ಷದವರೇ ಕಿವಿ ಹಿಂಡಿದ್ದರಿಂದ. ಹಿಂದಿನ ದಿನ ಕಂಪನಿಯ ಅಧ್ಯಕ್ಷರು, ಸಣ್ಣ ಜನರ ಬಗ್ಗೆ ನಮಗೆ ಕಾಳಜಿ ಇದೆ ಎಂದಿದ್ದರು.

ಆ ಸಣ್ಣ ಜನ ಅಂದರೆ ಸೀಗಡಿ, ಸಿಂಪಿ ಹಿಡಿಯುವವರು. ಸುರಕ್ಷತಾ ವಿಡಿಯೋದ ಭಾಷೆಯಲ್ಲಿ ಇವರು ಸ್ಟೇಕ್‌ಹೋಲ್ಡರ್‌ಗಳು. ಒಂದು ಹಂತದಲ್ಲಿ 88,000 ಚದರ ಮೈಲಿಗೂ ಜಾಸ್ತಿ ಸಮುದ್ರದಲ್ಲಿ ಬಲೆ ಬೀಸುವಂತಿರಲಿಲ್ಲ. ಎಣ್ಣೆ ಒಳಗೆ ಬರದಿರಲಿ ಅಂತ ಲೂಸಿಯಾನದಲ್ಲಿ ಮಿಸಿಸಿಪ್ಪಿ ನದಿಯ ತೂಬು ತೆಗೆದರು. ಎಣ್ಣೆಗೆ ಸಾಯದ ಸಿಂಪಿಗಳು ಆ ಸಿಹಿನೀರಿಗೆ ಸತ್ತವು. ಅಳಿವಿನ ಪಟ್ಟಿಯಿಂದ ಐದೇ ತಿಂಗಳ ಹಿಂದೆ ಹೊರಬಂದಿದ್ದ ಕಂದು ಹೆಜ್ಜಾರ್ಲೆ, ರೆಕ್ಕೆ ಬಿಚ್ಚಲಾಗದೆ ಡಾಂಬರಿನ ಮುದ್ದೆಯಾಗಿ ಕೂತ ಫೋಟೋ ಎಲ್ಲರೂ ನೋಡಿದ್ದೇವೆ. ವಾಲ್ರಸ್‌ಗಳಿಗೆ ಮಾತ್ರ ಒಂದು ಕೂದಲೂ ಕೊಂಕಲಿಲ್ಲ. ಯೋಜನೆ ಅಷ್ಟರಮಟ್ಟಿಗೆ ಯಶಸ್ವಿ.

ಮೀನು ಹಿಡಿಯುತ್ತಿದ್ದ ದೋಣಿಗಳನ್ನೇ ಎಣ್ಣೆ ಬಾಚಲು ಬಾಡಿಗೆಗೆ ಹಿಡಿದರು. ಆ ಕಾರ್ಯಕ್ರಮದ ಹೆಸರು 'ಅವಕಾಶದ ದೋಣಿಗಳು'. ಇನ್ನೊಬ್ಬರ ಹೊಟ್ಟೆಗೆ ಹೊಡೆದು ಅದಕ್ಕೆ ಅವಕಾಶ ಅಂತ ಹೆಸರಿಡಲು ಎಷ್ಟು ಸಂಬಳ ಕೊಡುತ್ತಾರೋ. ಪರಿಹಾರಕ್ಕೆ ಹೋದರೆ ವರಮಾನದ ಕಾಗದ ತನ್ನಿ. ದಂಡೆಯಲ್ಲಿ ನಗದಿಗೆ ಸೀಗಡಿ ಮಾರಿದವನು ಕಾಗದ ಎಲ್ಲಿಂದ ತರುತ್ತಾನೆ? ವರ್ಷದ ಕೊನೆಗೆ ಸುಲಭದ ದಾರಿ ಬಂತು. ಒಬ್ಬ ಮನುಷ್ಯನಿಗೆ 5,000 ಡಾಲರ್, ವ್ಯಾಪಾರಕ್ಕೆ 25,000 ಡಾಲರ್. ಜಾಸ್ತಿ ಕಾಗದ ಬೇಡ. ಇನ್ನು ಮುಂದೆ ಈ ವಿಷಯದಲ್ಲಿ ಕೋರ್ಟಿಗೆ ಹೋಗುವುದಿಲ್ಲ ಅಂತ ಒಂದು ಸಹಿ ಹಾಕಿ.

ಮುಚ್ಚಳಿಕೆ! ನಮ್ಮಲ್ಲಿ ತಪ್ಪು ಮಾಡಿದವನಿಂದ ಬರೆಸಿಕೊಳ್ಳುವುದು ರೂಢಿ. ಅಲ್ಲಿ ಬಾವಿಗೆ ಮುಚ್ಚಳ ಹಾಕದವರು, ಬಲೆ ಕಳೆದುಕೊಂಡವರಿಂದ ಮುಚ್ಚಳಿಕೆ ಬರೆಸಿಕೊಂಡರು. ಎಷ್ಟೋ ಜನ ಬರೆದೂ ಕೊಟ್ಟರು. ದೋಣಿಯ ಸಾಲದ ಕಂತು ತಿಂಗಳು ತಿಂಗಳು ಬರುತ್ತೆ, ನ್ಯಾಯ ಯಾವಾಗ ಬರುತ್ತೋ.

ಕಂಪನಿಯೂ ತಪ್ಪೊಪ್ಪಿಕೊಂಡಿತು, ಇಲ್ಲ ಅನ್ನಬಾರದು. 2012ರಲ್ಲಿ, 11 ಸಾವಿಗೂ ಸೇರಿಸಿ. ಆದರೆ ಒಪ್ಪಿಕೊಂಡದ್ದು ಕಂಪನಿ. ಅದಕ್ಕೆ ಕೈಯೇ ಇಲ್ಲ, ಕೋಳ ಎಲ್ಲಿ ತೊಡಿಸುವುದು? ಕೈ ಇದ್ದವರಲ್ಲಿ ಒಬ್ಬರೂ ಜೈಲಿಗೆ ಹೋಗಲಿಲ್ಲ. 2014ರಲ್ಲಿ ನ್ಯಾಯಾಧೀಶರು ತಪ್ಪನ್ನು ಅಣ್ಣತಮ್ಮಂದಿರ ಆಸ್ತಿಯ ಹಾಗೆ ಪಾಲು ಮಾಡಿದರು: ಬಿಪಿಗೆ ಶೇ 67, ಟ್ರಾನ್ಸ್‌ಓಷನ್‌ಗೆ 30, ಹ್ಯಾಲಿಬರ್ಟನ್‌ಗೆ 3. ಬಿಪಿ ಅಷ್ಟರಲ್ಲಿ ಸೋರಿಕೆಯ ಖರ್ಚಿನ ಮೇಲೆ 9.9 ಬಿಲಿಯನ್ ಡಾಲರ್ ತೆರಿಗೆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿದಾಗಿತ್ತು. ಟ್ರಾನ್ಸ್‌ಓಷನ್ 2010ನೇ ಇಸವಿಯನ್ನು ಕಂಪನಿಯ ಇತಿಹಾಸದಲ್ಲೇ ಸುರಕ್ಷತೆಯ ಅತ್ಯುತ್ತಮ ವರ್ಷ ಎಂದು ಬರೆದುಕೊಂಡು ದೊಡ್ಡವರಿಗೆ ಬೋನಸ್ ಹಂಚಿತು. ಇನ್ನೊಮ್ಮೆ ಓದಿ. 2010ನೇ ಇಸವಿಯನ್ನು. ಜನ ಛೀ ಅಂದ ಮೇಲೆ ಆ ದೊಡ್ಡವರು ಸುರಕ್ಷತೆಯ ಬೋನಸ್ಸನ್ನು ಸತ್ತವರ ಮನೆಯವರ ನಿಧಿಗೆ ಕೊಟ್ಟರು.

ಇವರೊಂದಿಗೆ ಹೊಸ ವ್ಯವಹಾರ ಬೇಡ ಅಂತ ಅಮೆರಿಕ ಸರ್ಕಾರ ಬಿಪಿಯನ್ನು ಹೊರಗಿಟ್ಟಿತ್ತು. 2014ರ ಮಾರ್ಚ್‌ನಲ್ಲಿ ಆ ನಿಷೇಧ ತೆಗೆಯಿತು. ವಾರ ಕಳೆಯುವುದರೊಳಗೆ ಹರಾಜು. ಬಿಪಿ ಕೈ ಎತ್ತಿತು. ಅದೇ ಕೊಲ್ಲಿಯಲ್ಲಿ.

ಸುರಕ್ಷತಾ ಸಪ್ತಾಹದ ಕೊನೆಯ ದಿನ ನಮ್ಮ ಮಹಡಿ ನೋಡಿಕೊಳ್ಳುವ ಹುಡುಗ ಎದುರಿಗೆ ಸಿಕ್ಕ. ಆ ಬಾಗಿಲಿನ ಕುರ್ಚಿ ತೆಗೆಸಬಾರದಾ ಎಂದೆ.

"ಅಯ್ಯೋ ಬೇಡ ಸರ್. ಆ ಬಾಗಿಲು ತೆಗೆದ್ರೆ ಅಲಾರಂ ಹೊಡ್ಕೊಳ್ಳುತ್ತೆ. ಎಲ್ರಿಗೂ ಡಿಸ್ಟರ್ಬ್. ಅದಕ್ಕೇ ಅಲ್ವಾ ಕುರ್ಚಿ ಇಟ್ಟಿರೋದು."

ಅವನ ಕೈಯಲ್ಲಿ ಕಾಫಿ ಇತ್ತು. ಮುಚ್ಚಳ ಹಾಕಿದ್ದ.