ಸ್ಕ್ಯಾನ್ ನಾರ್ಮಲ್ ಬಂದರೆ ನಾಟಕ ಅಂತಲ್ಲ

ಇಲ್ಲದ ದನಿ ಕೇಳಿಸೋ, ಇಲ್ಲದ್ದನ್ನು ನಿಜ ಅಂತ ನಂಬಿಸೋ ಮನಸ್ಸಿನ ಕಾಯಿಲೆ ಸೈಕೋಸಿಸ್. ಅದು ಶುರುವಾದ ಹುಡುಗರ ಬಗ್ಗೆ ನಮ್ಮ ತುಮಕೂರು ಕಡೆ ಎರಡು ಮಾತು ಗ್ಯಾರಂಟಿ. ಒಂದು, "ಕಾಯಿಲೆ ಅಂತ ಒಪ್ಪೋದೇ ಇಲ್ಲ, ಭಾರಿ ಹಟ." ಇನ್ನೊಂದು, "ಎಂಆರ್‌ಐ ನಾರ್ಮಲ್ ಬಂತು, ಎಲ್ಲಾ ನಾಟಕ." ನನ್ನ ಚಿಕ್ಕಪ್ಪನ ಮಗನ ವಿಷಯದಲ್ಲಿ ಎರಡನ್ನೂ ಕೇಳಿದ್ದೇನೆ, ಅದೂ ಓದಿದವರ ಬಾಯಲ್ಲೇ.

ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡ್ತಾರೆ ಅನ್ನೋದು ಅವನಿಗೆ ಅನುಮಾನ ಅಲ್ಲ, ಕಿವಿಯಾರೆ ಕೇಳಿದ್ದು. ಕೇಳಿದ್ದು ನಿಜವೋ ಅಲ್ಲವೋ ಅಂತ ಪರೀಕ್ಷೆ ಮಾಡಬೇಕಾದದ್ದೂ ಅದೇ ಮಿದುಳು ತಾನೆ? 1914ರಲ್ಲಿ ಫ್ರೆಂಚ್ ನರವೈದ್ಯ ಬಾಬಿನ್‌ಸ್ಕಿ ಕೆಲವು ಲಕ್ವದ ರೋಗಿಗಳ ಬಗ್ಗೆ ಬರೆದ. ಎಡಗೈ ಅಲ್ಲಾಡದಿದ್ದರೂ ತಮಗೇನೂ ಆಗಿಲ್ಲ ಅಂತಿದ್ದರು. ಅದನ್ನು ಅವನು ಬರೀ ಹಟ ಅಂತ ತಳ್ಳಿಹಾಕಲಿಲ್ಲ. ಸೈಕೋಸಿಸ್‌ನಲ್ಲಿ ಆಗೋದು ಪೂರಾ ಅದೇ ಅಂತ ಹೇಳೋಕಾಗಲ್ಲ. ಇಲ್ಲಿ ಅವಮಾನದ ಭಯ, ಊರ ಬಾಯಿಯ ಭಯ ಕೂಡ ಸೇರಿರುತ್ತೆ. ಆದರೆ ಬರೀ ಹಟ ಅಂತೂ ಅಲ್ಲ.

ಇನ್ನು ಸ್ಕ್ಯಾನ್. ಮೊದಲ ಸಲ ಸೈಕೋಸಿಸ್ ಬಂದವರ ಮಿದುಳನ್ನು ಎಂಆರ್‌ಐನಲ್ಲಿ ಅಳೆದು, ತನ್ನ ಕಾಯಿಲೆಯ ಅರಿವು ಕಡಿಮೆ ಇರುವವರಲ್ಲಿ ಏನಾದರೂ ವ್ಯತ್ಯಾಸ ಇದೆಯಾ ಅಂತ ಸಂಶೋಧಕರು ಹುಡುಕುತ್ತಲೇ ಇದ್ದಾರೆ. ಕೆಲವು ಅಧ್ಯಯನಗಳಲ್ಲಿ ಹಣೆಯ ಹಿಂದಿನ ಭಾಗದ ಹೊರಪದರ ತುಸು ತೆಳು ಕಂಡಿದೆ, ಕೆಲವದರಲ್ಲಿ ಬೇರೆ ಭಾಗಗಳು, ಇನ್ನು ಕೆಲವದರಲ್ಲಿ ಏನೂ ಇಲ್ಲ. ಕಂಡದ್ದು ಕೂಡ ಗುಂಪಿನ ಸರಾಸರಿಯಲ್ಲಿ ಮಾತ್ರ ಸಿಗೋ ಸಣ್ಣ ವ್ಯತ್ಯಾಸ. ಒಬ್ಬ ಹುಡುಗನ ಫಿಲ್ಮ್ ಲೈಟಿಗೆ ಹಿಡಿದು "ಇಗೋ ಇಲ್ಲಿದೆ" ಅಂತ ತೋರಿಸೋಕಾಗಲ್ಲ. ಡಾಕ್ಟರು ಸ್ಕ್ಯಾನ್ ಬರೆಯೋದು ಗೆಡ್ಡೆ, ಸೋಂಕು ಇಂಥದ್ದೇನಾದರೂ ಇದೆಯಾ ಅಂತ ನೋಡೋಕೆ. ನಾರ್ಮಲ್ ಬಂದರೆ ಅವು ಕಂಡಿಲ್ಲ ಅಂತ ಅರ್ಥ, ಅಷ್ಟೆ. ಆ ರಿಪೋರ್ಟ್ ಹಿಡಿದು ಹುಡುಗನನ್ನು ಬೈಯೋದು ನೋಡಿದರೆ ನನಗೆ ಮೈ ಉರಿಯುತ್ತೆ. (ಅದೇ ಜನ ತಾಯತ ಕಟ್ಟಿಸುವಾಗ ಯಾವ ರಿಪೋರ್ಟೂ ಕೇಳಲ್ಲ.)

ಒಪ್ಪಿದ ಮೇಲೇ ಚಿಕಿತ್ಸೆ ಅಂತ ಕಾಯೋದೂ ಬೇಡ. 1990ರಲ್ಲಿ ಲಂಡನ್ನಿನ ಮನೋವೈದ್ಯ ಆಂಥನಿ ಡೇವಿಡ್ ಕಾಯಿಲೆಯ ಈ ಅರಿವನ್ನು ಮೂರಾಗಿ ಬಿಡಿಸಿದರು. ತನಗೆ ಕಾಯಿಲೆ ಇದೆ ಅನ್ನೋದು, ಕೇಳೋ ದನಿಗಳು ಸಹಜವಲ್ಲ ಅಂತ ಗುರುತಿಸೋದು, ಚಿಕಿತ್ಸೆಗೆ ಹೂಂ ಅನ್ನೋದು. ಮೂರೂ ಒಟ್ಟಿಗೇ ಇರಬೇಕಿಲ್ಲ. ನಮ್ಮ ಹುಡುಗ ಇವತ್ತಿಗೂ ಮೊದಲನೆಯದನ್ನು ಪೂರ್ತಿ ಒಪ್ಪಿಲ್ಲ. "ಮಾತ್ರೆ ತಗೊಂಡ್ರೆ ನಿದ್ದೆ ಬರುತ್ತೆ ಕಣಣ್ಣ" ಅಂತಾನೆ, ತಪ್ಪದೆ ನುಂಗ್ತಾನೆ. ಡಾಕ್ಟರು ದನಿಗಳ ಬಗ್ಗೆ ವಾದಕ್ಕೇ ಇಳಿಯಲಿಲ್ಲ. ನಿದ್ದೆ, ಊಟ, ಭಯ, ಇವನ್ನೇ ಕೇಳಿದರು. ಮನೆಯವರಿಗೂ ಅದನ್ನೇ ಹೇಳಿಕೊಟ್ಟರು. ಚಿಕ್ಕಮ್ಮನಿಗೆ ವಾದ ನಿಲ್ಲಿಸೋದು ಕಷ್ಟವಾಯ್ತು, ಆದರೆ ನಿಲ್ಲಿಸಿದ ಮೇಲೆ ಮನೆಯಲ್ಲಿ ಜಗಳ ಕಡಿಮೆಯಾಯ್ತು.

ಶುರುವಿನಲ್ಲಿ ಎಷ್ಟೋ ಮಕ್ಕಳಿಗೆ ಅರೆಬರೆ ಅರಿವು ಇರುತ್ತೆ ಅನ್ನೋದನ್ನೂ ಮರೀಬೇಡಿ. "ಏನೋ ಸರಿ ಇಲ್ಲಮ್ಮ, ತಲೆ ಒಂಥರಾ ಆಗ್ತಿದೆ" ಅಂತ ಅವರೇ ಹೇಳ್ತಾರೆ. ನಾವು ಮೊಬೈಲ್ ಜಾಸ್ತಿ ಆಯ್ತು, ಗಾಳಿ ಸೋಕಿದೆ ಅಂತ ತಳ್ಳಿಹಾಕ್ತೀವಿ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ದೇವಸ್ಥಾನಕ್ಕೆ ಹೋಗಿ, ಬೇಡ ಅನ್ನಲ್ಲ, ಅದೇ ವಾರ ಡಾಕ್ಟರ ಹತ್ತಿರವೂ ಹೋಗಿ. ಎಲ್ಲರೂ ಬೆಂಗಳೂರಿಗೇ ಓಡಬೇಕಿಲ್ಲ. ನಮ್ಮದೇ ತುರುವೇಕೆರೆಯಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೀನಿಯಾ (ಸೈಕೋಸಿಸ್ ಬಹುಕಾಲ ಕಾಡೋ ಕಾಯಿಲೆ) ಇರುವವರಿಗಾಗಿ ಸಮುದಾಯದ ಮಟ್ಟದಲ್ಲಿ ಕೆಲಸ ಮಾಡಿದ್ದಾರೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗ್ತಾರೆ. ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಅರಿವು ಮೂಡಿದ ದಿನ ಗೆದ್ವಿ ಅಂತ ಮಾತ್ರ ಅಂದ್ಕೋಬೇಡಿ. ತನಗೆ ಏನಾಯ್ತು, ಎಷ್ಟು ಕಳೀತು ಅಂತ ಗೊತ್ತಾದಾಗ ಕೆಲವರು ತೀರಾ ಕುಗ್ಗಿ ಹೋಗ್ತಾರೆ, ಸಾಯೋ ಯೋಚನೆಯೂ ಬರಬಹುದು. ಆ ಹೊತ್ತಿನಲ್ಲಿ "ಈಗಲಾದರೂ ಗೊತ್ತಾಯ್ತಲ್ಲ" ಅಂತ ಚುಚ್ಚಬೇಡಿ. ಒಂಟಿಯಾಗಿ ಬಿಡಬೇಡಿ, ಡಾಕ್ಟರಿಗೆ ಹೇಳಿ.