ಸೊಪ್ಪು ಹಾಕದ ಒಲೆ

ಮೈಸೂರಿನಿಂದ ಕೋಲಾರಕ್ಕೆ ಮೂರು ರಾತ್ರಿಯ ಪ್ರವಾಸ ಎಂದಾಗ, ನಾನು ಲಾಡ್ಜ್ ಬಿಟ್ಟು ಅಡುಗೆಮನೆಯಿರುವ ಅಗ್ಗದ ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿದೆ. ಊಟದ ಖರ್ಚು ಉಳಿಯುತ್ತದೆಂಬುದು ನನ್ನ ಲೆಕ್ಕ. ‘ಪ್ರವಾಸ ನಿಮಗೆ, ಸೌಟು ನನಗೆ’ ಎಂದ ಹೆಂಡತಿಯ ಮಾತು ಅಂದು ನನಗೆ ಕೇಳಿಸಲಿಲ್ಲ. ಮನೆಯ ಅಲ್ಯೂಮಿನಿಯಂ ಕುಕ್ಕರನ್ನು ಪಂಚೆಯಲ್ಲಿ ಸುತ್ತಿಕೊಂಡು ಹೊರಟೆವು.

ಅಲ್ಲಿದ್ದದ್ದು ಇಂಡಕ್ಷನ್ ಒಲೆ. ಅಯಸ್ಕಾಂತ ಅಂಟದ ಪಾತ್ರೆಯನ್ನು ಅದು ಪಾತ್ರೆಯೆಂದೇ ಒಪ್ಪುವುದಿಲ್ಲ. ಕುಕ್ಕರ್ ಇಟ್ಟಾಗಲೆಲ್ಲ ಕೀಂ ಕೀಂ ಎಂದು ಅತ್ತು ಆರುತ್ತಿತ್ತು. ಮಸ್ಸೊಪ್ಪಿಗೆಂದು ತಂದ ಮೂರು ಕಟ್ಟು ಸೊಪ್ಪು ಮೇಜಿನ ಮೇಲೆ ಬಾಡಿತು. ಒಲೆ ಮಾತ್ರ ನಮಗೆ ಸೊಪ್ಪು ಹಾಕಲಿಲ್ಲ. ಮೂರೂ ರಾತ್ರಿ ಎದುರಿನ ಮೆಸ್ಸಿನಲ್ಲಿ ಮುದ್ದೆ ಉಂಡೆವು.

ಇನ್ನು ಕರೆಂಟು. ಬಾಗಿಲ ಪಕ್ಕದ ಸೀಳಿನಲ್ಲಿ ಕೋಣೆಯ ಕಾರ್ಡು ಸಿಕ್ಕಿಸಿದರೆ ಮಾತ್ರ ಬೆಳಕು. ತೆಗೆದರೆ ಫ್ರಿಜ್ಜೂ ಬಂದ್. ಅಂತರಗಂಗೆಗೆ ಹೋಗಿ, ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರು ಕಂಡು, ಕೋತಿಗಳಿಗೆ ಒಂದು ಚಿಪ್ಪು ಬಾಳೆಹಣ್ಣು ಕಪ್ಪ ಒಪ್ಪಿಸಿ ಸಂಜೆ ಮರಳಿದರೆ, ಕಾಫಿಯ ಹಾಲು ಒಡೆದಿತ್ತು.

‘ಯಾವ ಕಾರ್ಡಾದರೂ ನಡೆಯುತ್ತದೆ ಸಾರ್, ಒಳಗಿನ ಗುಂಡಿ ಅದುಮಿದರೆ ಸಾಕು’ ಎಂದು ಅಲ್ಲಿನ ಹುಡುಗ ಗುಟ್ಟು ಬಿಟ್ಟುಕೊಟ್ಟ. ಎಟಿಎಂ ಕಾರ್ಡು ಬಿಟ್ಟುಹೋಗುವಷ್ಟು ದಡ್ಡ ನಾನಲ್ಲ. ಮರುದಿನ ಹೆಂಡತಿಯ ಪರ್ಸಿನಲ್ಲಿ ಕೈಗೆ ಸಿಕ್ಕ ಗಟ್ಟಿ ಕಾರ್ಡೊಂದನ್ನು ಸಿಕ್ಕಿಸಿ ಕೋಲಾರಮ್ಮನ ಗುಡಿಗೆ ಹೊರಟೆ. ಚೇಳಿನ ಕಾಟ ಬಾರದಿರಲೆಂದು ಜನ ಅಲ್ಲಿ ಹರಕೆ ಹೊರುತ್ತಾರೆ. ನಾನು ಉಳಿದ ಕಾಟಗಳನ್ನೂ ಸೇರಿಸಿ ಬೇಡಿಕೊಳ್ಳಬೇಕಿತ್ತು. ಅಂದು ಸಂಜೆ ಮೊಸರು ತಣ್ಣಗಿತ್ತು, ನನ್ನ ಹೊಟ್ಟೆಯೂ.

ಹೊರಡುವ ಬೆಳಗ್ಗೆ ಜೇಬಿನಲ್ಲಿದ್ದ ಕೋಣೆಯ ಕಾರ್ಡನ್ನು ಕೌಂಟರಿಗೆ ಒಪ್ಪಿಸಿ, ಬೇಕೆಂದೇ ಸಾಮಾನ್ಯ ಸಾರಿಗೆಯ ಬಸ್ಸು ಹತ್ತಿಸಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಲ್ಲವೇ! ಕಂಡಕ್ಟರ್ ಗುರುತಿನ ಚೀಟಿ ಕೇಳಿದರು. ಹೆಂಡತಿ ಪರ್ಸನ್ನು ಮೂರು ಸಲ ಜಾಲಾಡಿ, ನಿಧಾನವಾಗಿ ನನ್ನತ್ತ ತಿರುಗಿದಳು.

‘ರೀ, ನಿನ್ನೆ ಫ್ರಿಜ್ಜಿಗೆ ಯಾವ ಕಾರ್ಡು ಕೊಟ್ಟಿರಿ?’

ಎರಡು ಟಿಕೆಟ್ ಕೊಂಡು, ಕೌಂಟರಿಗೆ ಫೋನು ಮಾಡಿದೆ.

‘ಮೇಡಂ ಆಧಾರ್ ಕಾರ್ಡ್ ತಾನೇ? ಗೋಡೆಯಲ್ಲೇ ಇದೆ ಸಾರ್, ಫ್ಯಾನೂ ತಿರುಗುತ್ತಿದೆ. ಒಲೆಯ ಮೇಲೊಂದು ಕುಕ್ಕರ್ ಇದೆ, ಅದೂ ನಿಮ್ಮದೇನಾ?’